ಶರಣಮ್ಮಕ್ಕನ ರಟ್ಟಿನ ಕಿಟಕಿ

ಶರಣಮ್ಮಕ್ಕ ಯಾವ ಕಾಗದವನ್ನೂ ಒಮ್ಮೆಗೇ ಪೂರ್ತಿ ನೋಡುತ್ತಿರಲಿಲ್ಲ. ಮೊದಲು ಕೈಚೀಲದಿಂದ ಒಂದು ರಟ್ಟು ಹೊರಗೆ ಬರುತ್ತಿತ್ತು. ಯಾರದೋ ಲಗ್ನಪತ್ರಿಕೆಯ ದಪ್ಪ ರಟ್ಟು ಅದು. ಒಂದು ಮೂಲೆಯಲ್ಲಿ ಗಣಪತಿಯ ಅರ್ಧ ಸೊಂಡಿಲು ಉಳಿದಿತ್ತು, ಇನ್ನರ್ಧ ಬ್ಲೇಡಿಗೆ ಸಿಕ್ಕಿ ಹೋಗಿತ್ತು. ನಡುವೆ ಕೊರೆದ ಕಿಟಕಿ ಬೆಂಕಿಪೊಟ್ಟಣದಷ್ಟು ಉದ್ದ, ಎರಡು ಸಾಲು ಕಾಣುವಷ್ಟು ಅಗಲ. ಆ ರಟ್ಟನ್ನು ಕಾಗದದ ಮೇಲಿಟ್ಟು, ಎಡಗೈ ಹೆಬ್ಬೆರಳನ್ನು ಸಾಲಿನ ಮೊದಲಿಗೆ ಒತ್ತಿ, ಬಲಗೈಯಿಂದ ರಟ್ಟನ್ನು ಮೆಲ್ಲಗೆ ಸರಿಸುತ್ತ ಓದುವರು. ದಿನಪತ್ರಿಕೆಗೂ ಹಾಗೆಯೇ, ಬಸ್ ನಿಲ್ದಾಣದಿಂದ ಬರೆದು ತಂದ ವೇಳಾಪಟ್ಟಿಗೂ ಹಾಗೆಯೇ. ಒಮ್ಮೆ ನನ್ನ ಮಗಳ ಜಾತಕವನ್ನೂ ಹಾಗೆಯೇ ಓದಿ, ಗ್ರಹಗಳಿಗೆಲ್ಲ ಒಂದೊಂದು ಖೋಲಿ ಕೊಟ್ಟಾರ, ಜಗಳಿಲ್ಲ ಬಿಡು ಎಂದು ತೀರ್ಪು ಕೊಟ್ಟಿದ್ದರು.

ರಟ್ಟು ಯಾಕೆಂದು ಮೊದಲ ಸಲ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಕಣ್ಣಿಗೆ ಭಾಳ ಆಸೆ ತಂಗಿ. ಎಲ್ಲಾನೂ ಒಮ್ಮೆಲೇ ನೋಡಾಕ ಹೋಗಿ ಒಂದೂ ನೋಡಂಗಿಲ್ಲ. ಅದಕ ಒಂದು ಕಿಟಕಿ ಕೊಟ್ಟು ಕುಂದ್ರಸಬೇಕು.”

ಸಿಂಧನೂರಿನಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿಕೊಂಡೇ ಅವರ ಟೈಪಿಂಗ್ ಶಾಲೆ. ನಾನು ಮದುವೆಯಾಗಿ ಆ ಮನೆಗೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಗೋಡೆಯಾಚೆ ಆರು ಮಷೀನುಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದು ಮೊದಲ ವಾರ ಆಲಿಕಲ್ಲು ಬಿದ್ದಂತೆ ಕೇಳಿಸಿತು. ಎರಡನೆಯ ತಿಂಗಳಿಗೆ ಅದಿಲ್ಲದಿದ್ದರೆ ಮಧ್ಯಾಹ್ನದ ನಿದ್ದೆ ಬಾರದಾಯಿತು. ನಮ್ಮ ಅತ್ತೆಯವರು ಸಾಲು ಮುಗಿದಾಗ ಹೊಡೆಯುವ ಗಂಟೆಯನ್ನು ಎಣಿಸಿಯೇ ಒಲೆಯ ಮೇಲಿನ ಬೇಳೆ ಇಳಿಸುತ್ತಿದ್ದರು.

ಶರಣಮ್ಮಕ್ಕನಿಗೆ ಆಗ ನಲವತ್ತೈದರ ಆಸುಪಾಸು. ಎತ್ತರದ ಹೆಂಗಸು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ. ಮಸ್ಕಿಯ ಆಚೆ ಕಾಲುವೆಯ ತುದಿಯಲ್ಲಿರುವ ಊರು ಅವರ ತವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿತು, ಸಿಂಧನೂರಿಗೆ ಬಂದು, ಒಬ್ಬರೇ ಶಾಲೆ ಕಟ್ಟಿದ್ದರು. ಆರು ಮಷೀನುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ಅಗಲ. ಅದರ ಕ್ಯಾರೇಜು ಎರಡೂ ಕಡೆ ಮೊಳದುದ್ದ ಚಾಚಿಕೊಂಡಿತ್ತು. ಅದು ತಖ್ತೆಯ ಮಷೀನು. ಕಚೇರಿಗಳ ಅಗಲವಾದ ತಖ್ತೆಗಳು, ಅಡ್ಡ ಉದ್ದ ಗೆರೆಗಳ ಪಟ್ಟಿಗಳು ಅದರಲ್ಲೇ ಆಗಬೇಕು. ಹಾಳೆಯ ಅಗಲವನ್ನು ಅಕ್ಷರಗಳಲ್ಲಿ ಎಣಿಸಿ, ಗೆರೆಗಳ ನಡುವಿನ ಮನೆಗಳ ಸಂಖ್ಯೆಯಿಂದ ಭಾಗಿಸಿ, ಎಷ್ಟು ಅಕ್ಷರಕ್ಕೆ ಒಂದು ಮನೆ ಎಂದು ಬಾಯಲ್ಲೇ ಲೆಕ್ಕ ಹಾಕಿ ಅವರು ಕೂತರೆ, ಕೊನೆಯ ಮನೆ ಹಾಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು.

ಇಷ್ಟೆಲ್ಲ ಇಂಗ್ಲಿಷ್ ಕಾಗದ ಬಡಿಯುವ ಅವರಿಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಒಂದು ತಪ್ಪಿಲ್ಲದೆ ನಾಲ್ಕು ಪುಟ ಬಡಿದು ಮುಗಿಸಿದ ಮೇಲೆ, ಇದರಾಗ ಏನೈತಿ ತಂಗಿ, ಓದಿ ಹೇಳು ಎಂದು ನನ್ನ ಮುಂದೆ ಚಾಚಿದರು. ನಾನು ಬೆರಗಾದುದನ್ನು ಕಂಡು ನಕ್ಕು, ಬೆರಳು ಓದ್ತಾವ, ನಾ ಓದಂಗಿಲ್ಲ ಎಂದರು. ನಾನು ರಾಯಚೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು. ಆ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಬಾಟಲಿಯ ಚೀಟಿ ಓದುವುದಕ್ಕೆ ಬಿಟ್ಟು ಇನ್ನಾವುದಕ್ಕೂ ಬಳಕೆಯಾಗಿರಲಿಲ್ಲ. ಸಿಸ್ಟರ್‌ಗಳು ಕಲಿಸಿದ ಇನ್ನೊಂದು ಅಭ್ಯಾಸವೂ ನನ್ನಲ್ಲಿ ಉಳಿದಿತ್ತು: ಕೈ ಎತ್ತದೆ ಮಾತಾಡುತ್ತಿರಲಿಲ್ಲ. ಹಿರಿಯರ ಮುಂದೆ ಏನಾದರೂ ಹೇಳಬೇಕೆಂದರೆ ಬಲಗೈ ತಾನಾಗಿ ಕಿವಿಯ ಮಟ್ಟಕ್ಕೆ ಏರುತ್ತಿತ್ತು. ಅತ್ತೆಯವರಿಗೆ ಅದು ಬೇಸರ, ಶರಣಮ್ಮಕ್ಕನಿಗೆ ತಮಾಷೆ. “ಕೈ ಇಳಿಸಿ ಹೇಳವಾ, ಬಸ್ಸೇನು ನಿಂದ್ರಸಾಕತ್ತಿಲ್ಲ ನೀ,” ಎನ್ನುವರು.

ವರ್ಷಕ್ಕೊಮ್ಮೆ, ಹಿಂಗಾರಿಗೆ ಮುಂಚೆ, ಅವರ ಆ ಅಗಲದ ಮಷೀನಿನಲ್ಲಿ ಒಂದು ತಖ್ತೆ ತಯಾರಾಗುತ್ತಿತ್ತು. ನಮ್ಮ ಕಡೆಯ ಒಂದು ಉಪಕಾಲುವೆಯ ನೀರಿನ ಪಾಳಿ ಅದು. ಮಳೆಗಾಲ ಮುಗಿದು ಕಾಲುವೆಯಲ್ಲಿ ನೀರು ಇಳಿದಾಗ ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆಯಲಾಗುವುದಿಲ್ಲ. ಯಾವ ತೂಬಿಗೆ ಯಾವ ದಿನ, ಯಾವ ಗಂಟೆಗೆ ನೀರು ಎಂದು ರೈತರ ಸಂಘ ಕೂತು ತೀರ್ಮಾನಿಸಬೇಕು. ತೂಬುಗಳು ಮೂವತ್ತೊಂದು. ತಖ್ತೆಯಲ್ಲಿ ಅವು ಕಾಲುವೆ ಹರಿದಂತೆಯೇ ಎಡದಿಂದ ಬಲಕ್ಕೆ ಸಾಲಾಗಿ ಇರುತ್ತಿದ್ದವು. ಕೆಳಕ್ಕೆ ಹತ್ತು ದಿನ, ಒಂದೊಂದು ದಿನಕ್ಕೆ ಆರಾರು ಗಂಟೆಯ ನಾಲ್ಕು ಸಾಲು. ಎಡತುದಿಯ ಮೊದಲ ತೂಬುಗಳ ಕೆಳಗೆ ಭತ್ತದ ಗದ್ದೆಗಳು. ಬಲತುದಿಯ ಮೂವತ್ತೊಂದನೆಯದರ ಕೆಳಗೆ ಶರಣಮ್ಮಕ್ಕನ ತವರೂರಿನ ಜೋಳದ ಹೊಲಗಳು. ಅಲ್ಲಿ ಹಿಂಗಾರಿಯಲ್ಲಿ ಎರಡು ಸಲ ನೀರು ಹಾಯ್ದರೆ ಜೋಳ ತೆನೆ ಕಟ್ಟುತ್ತದೆ, ಇಲ್ಲದಿದ್ದರೆ ಮೇವಾಗುತ್ತದೆ. ಅವರ ತಮ್ಮ ಅಮರೇಶನ ಹೊಲವೂ ಅಲ್ಲೇ ಇತ್ತು.

ಈ ತಖ್ತೆಯಿಂದಲೇ ಅವರ ಜೀವನದ ದೊಡ್ಡ ಹಟ ಶುರುವಾದದ್ದು.

ತೊಂಬತ್ತರ ಮೊದಲ ವರ್ಷಗಳಲ್ಲಿ ಅಗಲದ ಮಷೀನಿನ ಕ್ಯಾರೇಜು ಎಳೆಯುವ ಪಟ್ಟಿ ಹರಿಯಿತು. ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ತೀರಿಹೋಗಿದ್ದ. ಅದೇ ವೇಳೆಗೆ ಶರಣಮ್ಮಕ್ಕ ಎರಡು ಮಷೀನು ಮಾರಿ, ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರನ್ನು ಶಾಲೆಗೆ ತಂದಿದ್ದರು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಕನ್ನಡವಿಲ್ಲ. ಮುದ್ರಿಸುವ ಯಂತ್ರವೂ ಜೊತೆಗೆ ಬಂದಿರಲಿಲ್ಲ. ಮೂಲೆಯ ಮೇಜಿನ ಮೇಲಿಟ್ಟ ಅದಕ್ಕೆ ಹೊದಿಸಲು ಒಂದು ಕಸೂತಿಯ ಮುಸುಕನ್ನು ನನ್ನಿಂದಲೇ ಹೊಲಿಸಿಕೊಂಡಿದ್ದರು.

ಸಂಘದ ಅಧ್ಯಕ್ಷ ವೀರನಗೌಡರು ಅದನ್ನು ನೋಡಲು ಬಂದರು. ಗೌಡರ ಹೊಲ ಏಳನೆಯ ತೂಬಿನ ಕೆಳಗೆ. ಮನುಷ್ಯ ಕೆಟ್ಟವರಲ್ಲ, ಮಾತು ಮಾತ್ರ ದೊಡ್ಡದು. ಪಾಳಿ ನಡುವೆ ಒಂದು ದಿನ ನೀರು ಕಡಿಮೆಯಾದರೆ ಇಡೀ ತಖ್ತೆಯನ್ನೇ ಮತ್ತೆ ಬಡಿಯಬೇಕು, ಎರಡು ದಿನ ಹಿಡಿಯುತ್ತದೆ. ಕಂಪ್ಯೂಟರಾದರೆ ಒಂದು ಕಡೆ ತಿದ್ದಿದರೆ ಮುಂದಿನದೆಲ್ಲ ತಾನೇ ಸರಿಯುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಈ ಸಲ ಎಲ್ಲರೂ ಇಲ್ಲಿಗೇ ಬಂದು ಪರದೆಯ ಮೇಲೆ ತಮ್ಮ ತಮ್ಮ ಪಾಳಿ ನೋಡಿ ಚೀಟಿ ಬರೆದುಕೊಂಡು ಹೋಗಲಿ ಎಂದರು. ಆ ಕಂಪ್ಯೂಟರನ್ನು ಅಕ್ಕನಿಗೆ ಮಾರಿದವನೂ ಜೊತೆಗಿದ್ದ. ಅವನು ಪರದೆಯನ್ನು ತಟ್ಟಿ, ಇದರಲ್ಲಿ ಅಡ್ಡಕ್ಕೆ ಎಂಬತ್ತು ಅಕ್ಷರ, ಕೆಳಕ್ಕೆ ಇಪ್ಪತ್ತೈದು ಸಾಲು, ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹಿಡಿಯುವುದಿಲ್ಲ ಎಂದ. ಎಂಬತ್ತು ಅಕ್ಷರದಲ್ಲಿ ಹತ್ತು ಹನ್ನೊಂದು ತೂಬು ಬರುತ್ತವೆ. ಆದ್ದರಿಂದ ಮೂರು ತಖ್ತೆ ಮಾಡಿ ಎಂಬುದು ಅವನ ಸಲಹೆ.

“ಹಂಗ ಮಾಡ್ರಿ ಟೀಚರ,” ಎಂದರು ಗೌಡರು. “ಮೊದಲಿಂದು ಈಗ ಮಾಡ್ರಿ. ಉಳಿದ ಎರಡು ನಿಧಾನಕ್ಕ ಆಗ್ತಾವ.”

ಶರಣಮ್ಮಕ್ಕ ಅವರಿಗೆ ಚಹಾದ ಬಟ್ಟಲು ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದ ಮಾತು ನಡುಬಾಗಿಲಲ್ಲಿ ನಿಂತಿದ್ದ ನನಗೆ ಇಂದಿಗೂ ಕೇಳಿಸುತ್ತದೆ. “ಮೂರನೇದು ಆಗಂಗಿಲ್ಲ ಗೌಡ್ರ. ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಒಂದ ಕಾಲುವಿ, ಒಂದ ತಖ್ತೆ.”

ಗೌಡರು ನಕ್ಕರು. ಎಂಬತ್ತು ಅಕ್ಷರದ ಡಬ್ಬಿಯಲ್ಲಿ ಮೂವತ್ತೊಂದು ತೂಬು ಹಿಡಿಸುವುದಾದರೆ ಹಿಡಿಸಿ ತೋರಿಸಿ. ಮಹಾನವಮಿ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಎಲ್ಲರೂ ಬಿಡುವಾಗಿರುತ್ತಾರೆ, ಅವತ್ತೇ ಸಭೆ, ಅಷ್ಟರೊಳಗೆ ಆಗದಿದ್ದರೆ ಮೊದಲ ಹತ್ತು ತೂಬಿನ ತಖ್ತೆಯೇ ಸಾಕು, ಕೆಳಗಿನವರು ಮೊದಲಿನಂತೆ ಬಾಯಿಮಾತಿಗೆ ನಡೆಯಲಿ ಎಂದರು. ಬಾಯಿಮಾತು ಎಂದರೆ ಏನೆಂದು ಶರಣಮ್ಮಕ್ಕನಿಗೆ ಗೊತ್ತಿತ್ತು. ಸಂಘದ ಗೋಡೆಗೆ ತಖ್ತೆ ಹಚ್ಚದ ವರ್ಷ ಅಮರೇಶ ಸಲಿಕೆ ಹಿಡಿದು ಒಣ ತೂಬಿನ ಬಾಯಲ್ಲಿ ಎರಡು ಹಗಲು ಕೂತದ್ದನ್ನು ಅವರು ಮರೆತಿರಲಿಲ್ಲ.

ಅಮಾವಾಸ್ಯೆಗೆ ಎರಡು ತಿಂಗಳಿಗಿಂತ ಸ್ವಲ್ಪ ಕಡಿಮೆ ಇತ್ತು.

ಮಾರನೆಯ ದಿನ ಮಧ್ಯಾಹ್ನ ಅವರು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ನಮ್ಮ ಅಡುಗೆಮನೆಗೇ ಬಂದರು. ಕಂಪ್ಯೂಟರಿನ ಜೊತೆಗೆ ಬಂದ, ಅದಕ್ಕೆ ಹೇಗೆ ಹೇಳಿ ಕೆಲಸ ಮಾಡಿಸಬೇಕೆಂದು ತಿಳಿಸುವ ಪುಸ್ತಕ. ಮೇಲಿನ ಅಂಚು ಇಲಿ ತಿಂದಿತ್ತು. ಅತ್ತೆಯವರಿಗೆ ನಮಸ್ಕಾರ ಹೇಳಿ, ನಿಮ್ಮ ಸೊಸೀನ ದಿನಾ ಎರಡು ತಾಸು ಕೊಡ್ರಿ, ಗೋಡೆ ಆಚೀಗೇ ಇರ್ತಾಳ ಎಂದು ಕೇಳಿದರು. ಅತ್ತೆಯವರು ಬಟಾಣಿ ಸುಲಿಯುತ್ತಿದ್ದವರು ತಲೆಯೆತ್ತದೆ, ಒಯ್ರಿ, ಇಲ್ಲಿ ಮಾಡೂದಾದ್ರೂ ಏನೈತಿ, ಕಸೂತಿ ರಿಂಗು ಹಿಡಕೊಂಡು ಹೂವು ಹೊಲೀತಾಳ ಎಂದರು. ಹೀಗೆ ನನ್ನ ಇಂಗ್ಲಿಷಿಗೆ ಒಂದು ಕೆಲಸ ಸಿಕ್ಕಿತು.

ದಿನಾ ಎರಡರಿಂದ ನಾಲ್ಕು. ನಾನು ಓದಿ ಅರ್ಥ ಹೇಳುವುದು, ಅವರು ಕೇಳಿ ಬಡಿಯುವುದು. ಎಷ್ಟೋ ಮಾತು ನನಗೇ ಅರ್ಥವಾಗುತ್ತಿರಲಿಲ್ಲ. ಆಗ ಸಾಲನ್ನು ಇದ್ದಂತೆಯೇ ಎರಡು ಸಲ ಗಟ್ಟಿಯಾಗಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, ಇಷ್ಟನೇ ಮನೀಂದ ಇಷ್ಟು ಅಕ್ಷರ ತಗೀ ಅಂತಾನೇನು ಎನ್ನುವರು. ಹೌದು, ಅಷ್ಟೇ ಅದು! ಮನೆ ಎಣಿಸಿ ಬಾಳಿದವರಿಗೆ ನನಗಿಂತ ಮೊದಲೇ ಅದು ತಿಳಿಯುತ್ತಿತ್ತು. ಕರೆಂಟು ಹೋದರೆ ಬಡಿದದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಗೆ ಅಳಿಸಿದ ಮೂರನೆಯ ದಿನ ನಾನು ಕಣ್ಣೀರು ಹಾಕಿದೆ. ಅವರು ನನ್ನ ಕಡೆ ನೋಡದೆ, ಬೆರಳಿಗೆ ನೆನಪೈತಿ, ಕರೆಂಟು ಬರ್ಲಿ ಎಂದು ಸೆರಗಿನಿಂದ ಗಾಳಿ ಬೀಸಿಕೊಂಡು ಕೂತರು. ಆಮೇಲೆ ಹತ್ತು ಸಾಲಿಗೊಮ್ಮೆ ಫ್ಲಾಪಿ ತಟ್ಟೆಯ ಮೇಲೆ ಉಳಿಸಿಟ್ಟುಕೊಳ್ಳುವುದನ್ನು ಒಂದು ನೇಮ ಮಾಡಿಕೊಂಡರು.

ದಾರಿ ತೋರಿಸಿದ್ದು ಪುಸ್ತಕದ ಕೊನೆಯ ಭಾಗದ ಒಂದು ಪುಟ. ಪರದೆಗಿಂತ ದೊಡ್ಡದಾದುದನ್ನು ಪರದೆಗೆ ತುರುಕಬೇಡ. ಇಡೀ ಹಾಳೆ ಮಷೀನಿನ ಹೊಟ್ಟೆಯಲ್ಲೇ ಇರಲಿ, ಅದರ ಒಂದು ತುಂಡು ಮಾತ್ರ ಪರದೆಗೆ ಬರಲಿ, ಬಾಣದ ಗುಂಡಿ ಒತ್ತಿದಾಗ ಮುಂದಿನ ತುಂಡು ಬರಲಿ. ನಾನು ಹೀಗೆ ಹೇಳುತ್ತಿದ್ದಂತೆ ಶರಣಮ್ಮಕ್ಕ ಮೇಜಿನ ಮೇಲೆ ಬಿದ್ದಿದ್ದ ಅಗಲದ ಹಳೆಯ ತಖ್ತೆಯನ್ನು ಒಂದು ಗಳಿಗೆ ನೋಡಿದರು. ಬಡಿಯಲು ಶುರುಮಾಡಿದವರು ನಾಲ್ಕು ಗಂಟೆ ಹೊಡೆದರೂ ಏಳಲಿಲ್ಲ.

ವಾರದ ಮೇಲೆ ತಖ್ತೆ ಸರಿಯಿತು. ಹಸಿರು ಅಂಕಿಗಳು ಒಂದೊಂದೇ ತೂಬಿನಂತೆ ಪಕ್ಕಕ್ಕೆ ನಡೆದವು. ಆದರೆ ಅದರಲ್ಲಿ ಟೈಪಿಂಗಿನವರು ಮಾತ್ರ ಮಾಡಬಹುದಾದ ಒಂದು ತಪ್ಪಿತ್ತು, ಮತ್ತು ನಮ್ಮಿಬ್ಬರಿಗೂ ಅದು ಕಾಣಲಿಲ್ಲ. ಅಮರೇಶ ಅವತ್ತು ಮಸ್ಕಿ ಬಸ್ಸಿಗೆ ಬಂದಿದ್ದ. ಕೈ ತೊಳೆದುಕೊಂಡು, ಗುಡಿಯೊಳಗೆ ಹೋದವನಂತೆ ಚಪ್ಪಲಿ ಹೊರಗೆ ಬಿಟ್ಟು, ಬಲಗಡೆಯ ಬಾಣ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಪರದೆ ಒಂದನೆಯ ತೂಬಿಗೇ ಅಂಟಿಕೊಂಡು ನಿಂತಿತ್ತು. ಎಡಕ್ಕೆ ಒತ್ತು ಎಂದರು ಅಕ್ಕ. ಒತ್ತಿದ, ಕಾಲುವೆ ಮೂವತ್ತೊಂದರ ಕಡೆಗೆ ಹರಿಯಿತು.

“ಅಕ್ಕ, ನಮ್ಮೂರು ಯಾವಾಗಿಂದ ಎಡಕ ಹೋತು?” ಎಂದ ಅಮರೇಶ. “ನೀರು ವಾಪಸ್ ಹೊಳೀಗೆ ಹೊಂಟೈತೇನ?”

ಶರಣಮ್ಮಕ್ಕ ಸಿಟ್ಟಾದರು. ಬಲಕ್ಕೆ ತಳ್ಳಿದರೆ ಎಡತುದಿ ಬರುವುದೇ ಸರಿ ಎಂಬುದು ಅವರ ವಾದ. ಇಪ್ಪತ್ತು ವರ್ಷ ಅವರು ಕ್ಯಾರೇಜು ಬಲಕ್ಕೆ ತಳ್ಳಿದಾಗೆಲ್ಲ ಸಾಲಿನ ಮೊದಲೇ ಬಂದಿತ್ತು. ಅವರ ಮಷೀನಿನಲ್ಲಿ ಅಚ್ಚು ಬೀಳುವ ಜಾಗ ಅಲ್ಲಾಡುವುದಿಲ್ಲ, ಕಾಗದ ಅಡ್ಡಾಡುತ್ತದೆ. ಅಮರೇಶನಿಗೆ ಅದರ ಗೊಡವೆ ಇಲ್ಲ. “ನಾ ಕಾಲುವಿ ದಂಡಿ ಹಿಡದು ಹೊಂಟೀನಿ ಅಕ್ಕ. ಕಾಲುವಿ ಅಲ್ಲೇ ಇರತೈತಿ. ನಡಿಯಾಂವ ನಾ.”

ಶರಣಮ್ಮಕ್ಕ ಕೈಚೀಲದಿಂದ ರಟ್ಟು ತೆಗೆದರು. ಹಳೆಯ ತಖ್ತೆಯ ಮೇಲಿಟ್ಟು ಬಲಕ್ಕೆ ಸರಿಸಿದರು. ಕಾಗದ ಅಲ್ಲೇ ಇತ್ತು, ಕಿಟಕಿ ನಡೆಯಿತು. ಇನ್ನೊಮ್ಮೆ ಸರಿಸಿದರು. ನಂತರ, “ಖರೇ ಐತಿ ನಿಂದು. ಕಾಗದ ಅಲ್ಲಾಡಬಾರದು. ಕಿಟಕಿ ಸರೀಬೇಕು,” ಎಂದು ತಮ್ಮನಿಗೆ ಸೋಲೊಪ್ಪಿ, ಕೂಡಿಸುವಲ್ಲಿ ಕಳೆದು ಕಳೆಯುವಲ್ಲಿ ಕೂಡಿಸಿ ಅರ್ಧ ತಾಸಿನಲ್ಲಿ ತಿದ್ದಿದರು.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ಗೌಡರನ್ನು ಕರೆಸಿ ತೋರಿಸಿದರು. ಗೌಡರ ಜೊತೆ ನಾಲ್ಕಾರು ಜನ, ಕೆಳಭಾಗದ ಅಮರೇಶನೂ ಇದ್ದ. ಬಲಬಾಣ ಒತ್ತುತ್ತ ಹೋದರೆ ಹನ್ನೊಂದು ಬಂತು, ಇಪ್ಪತ್ತು ಬಂತು, ಮೂವತ್ತೊಂದೂ ಬಂತು. ಜನ ತಲೆದೂಗಿದರು. ಮೂವತ್ತೊಂದರ ಮನೆಯಲ್ಲಿ ಎರಡು ಕಡೆ ಗುಣಿಸು ಚಿಹ್ನೆ ಇತ್ತು. ಅಲ್ಲಿ ನೀರು.

ಯಾವ ದಿನ ಅದು ಎಂದು ಗೌಡರು ಕೇಳಿದರು. ಒಬ್ಬ ಆರನೆಯ ದಿನ ಎಂದ, ಇನ್ನೊಬ್ಬ ನಾಲ್ಕು ಎಂದ. ಅಮರೇಶ ಗಾಜಿನ ಮೇಲೆ ಬೆರಳಿಟ್ಟು ಸಾಲು ಎಣಿಸಿ ಐದು ಎಂದ. ಯಾಕೆಂದರೆ ದಿನ ಮತ್ತು ಗಂಟೆ ಬರೆದದ್ದು ತಖ್ತೆಯ ಎಡತುದಿಯಲ್ಲಿ. ಕಿಟಕಿ ಬಲಕ್ಕೆ ಸರಿದಾಗ ಅವು ಹಿಂದೆಯೇ ಉಳಿದಿದ್ದವು. ಕೆಳಕ್ಕೆ ಸರಿಸಿದರೆ ಮೇಲಿದ್ದ ತೂಬಿನ ನಂಬರೂ ಕಣ್ಮರೆ. ಹಸಿರು ಚಿಹ್ನೆಗಳು ಕತ್ತಲಲ್ಲಿ ಮಿಂಚುಹುಳದಂತೆ ತೇಲುತ್ತಿದ್ದವು, ಯಾವುದು ಯಾರದೆಂದು ಹೇಳುವವರಿಲ್ಲ.

“ನೀರು ಐತಿ ಅಂತ ಗೊತ್ತಾತು, ಯಾವಾಗ ಅಂತ ಗೊತ್ತಾಗ್ಲಿಲ್ಲ,” ಎಂದರು ಗೌಡರು. “ಮೊದಲೂ ಹಿಂಗ ಇತ್ತಲ್ರೀ ಟೀಚರ.” ಎಲ್ಲರೂ ನಕ್ಕರು. ಅಮರೇಶ ನಗಲಿಲ್ಲ. ಮೂರು ತಖ್ತೆಯ ಮಾತು ಮತ್ತೆ ಬಂತು. ಎಂಟು ದಿನ ಐತಲ್ಲ ಎಂದಷ್ಟೇ ಹೇಳಿ ಶರಣಮ್ಮಕ್ಕ ಅವರನ್ನು ಬಾಗಿಲ ತನಕ ಕಳಿಸಿ ಬಂದರು. ಅಕ್ಕನ ಬೆನ್ನು ಎಂದಿನಂತೆ ನೆಟ್ಟಗಿತ್ತು. ಆದರೆ ಮಷೀನಿಗೆ ಮುಸುಕು ಹಾಕುವಾಗ ಹೂವಿನ ಬದಿ ಒಳಗಾಗಿ ಹಾಕಿದ್ದನ್ನು ನಾನು ಕಂಡೆ.

ಮೂರು ದಿನ ಪುಸ್ತಕ ತಿರುವಿ ಹಾಕಿದೆವು. ಇಂಥದ್ದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ನಾಲ್ಕನೆಯ ದಿನ ಅವರು ಬೇಸರಕ್ಕೆ ಪತ್ರಿಕೆ ಬಿಡಿಸಿ, ರಟ್ಟು ಇಟ್ಟು, ಊರೂರಿನ ಕಾಳುಕಡಿಯ ಧಾರಣೆಯ ಪಟ್ಟಿ ಓದುತ್ತ ಕೂತರು. ನಾನು ಎದುರಿಗೆ ಕೂತು ಅವರ ಕೈಗಳನ್ನೇ ನೋಡುತ್ತಿದ್ದೆ. ಬಲಗೈ ರಟ್ಟನ್ನು ಊರಿಂದ ಊರಿಗೆ ಸರಿಸುತ್ತಿತ್ತು. ಎಡಗೈ ಹೆಬ್ಬೆರಳು ಮಾತ್ರ ಪಟ್ಟಿಯ ಎಡತುದಿಯಲ್ಲಿ ಜೋಳ ಎಂಬ ಹೆಸರಿನ ಪಕ್ಕ ಒತ್ತಿಕೊಂಡು ಕೂತಿತ್ತು. ಸಾಲು ಬದಲಾದಾಗ ಅದು ಕೆಳಗಿಳಿದು ಸಜ್ಜೆಯ ಪಕ್ಕ ಕೂತಿತು. ರಟ್ಟು ಎಷ್ಟು ದೂರ ಹೋದರೂ ಹೆಬ್ಬೆರಳು ಹೆಸರು ಬಿಟ್ಟು ಹೋಗಲಿಲ್ಲ. ಐದಾರು ವರ್ಷದಿಂದ ದಿನಾ ಕಂಡದ್ದೇ; ಅವತ್ತು ಕಂಡಂತೆ ಕಂಡಿರಲಿಲ್ಲ.

ನನ್ನ ಬಲಗೈ ಮೇಲೆ ಹೋಯಿತು.

“ಕೈ ಇಳಿಸಿ ಹೇಳವಾ.”

“ಅಕ್ಕಾರ, ನಿಮ್ಮ ಹೆಬ್ಬಟ್ಟು ನೋಡ್ರಿ,” ಎಂದೆ. “ಅದು ಸರಿಯಂಗಿಲ್ಲ. ಮಷೀನಿಗೆ ಹೆಬ್ಬಟ್ಟು ಇಲ್ಲ.”

ಅವರು ಹೆಬ್ಬೆರಳನ್ನು ನೋಡಿದರು. ಅದು ತಮ್ಮದಲ್ಲ, ಯಾರೋ ಅಲ್ಲಿಟ್ಟು ಮರೆತು ಹೋದದ್ದು ಎಂಬಂತೆ ಬಹಳ ಹೊತ್ತು ನೋಡಿದರು. ಆಮೇಲೆ ರಟ್ಟನ್ನು ಪಕ್ಕಕ್ಕೆ ಸರಿಸಿ, ಕಾಗದ ತೆಗೆದುಕೊಂಡು, ಪೆನ್ಸಿಲಿನಿಂದ ಪರದೆಯ ಚೌಕ ಬರೆದರು. ಎಡಕ್ಕೆ ಹತ್ತಕ್ಷರದ ಒಂದು ಪಟ್ಟಿ: ಅಲ್ಲಿ ದಿನ ಮತ್ತು ಗಂಟೆ. ಮೇಲೆ ಎರಡು ಸಾಲಿನ ಇನ್ನೊಂದು ಪಟ್ಟಿ: ಅಲ್ಲಿ ತೂಬಿನ ನಂಬರು. ಉಳಿದ ಜಾಗದಲ್ಲಿ ಮಾತ್ರ ತಖ್ತೆಯ ಹೊಟ್ಟೆ ಸರಿಯಬೇಕು. ಬಲಕ್ಕೆ ಹೋದರೆ ಮೇಲಿನ ಪಟ್ಟಿ ಜೊತೆಗೆ ಬರಬೇಕು, ಎಡದ್ದು ಕದಲಬಾರದು; ಕೆಳಕ್ಕೆ ಹೋದರೆ ಎಡದ್ದು ಜೊತೆಗೆ ಬರಬೇಕು, ಮೇಲಿನದು ಕದಲಬಾರದು. ಒಂದು ಕಿಟಕಿಯ ಜಾಗದಲ್ಲಿ ಮೂರು ಕಿಟಕಿ. ಮಾರನೆಯ ದಿನ ಮಧ್ಯಾಹ್ನಕ್ಕೆ ಅದು ನಡೆಯಿತು. ಶರಣಮ್ಮಕ್ಕ ಬಾಣ ಒತ್ತಿ ಮೂವತ್ತೊಂದಕ್ಕೆ ಹೋಗಿ ನಿಂತರು. ಎಡಪಟ್ಟಿಯಲ್ಲಿ ನಾಲ್ಕನೆಯ ದಿನ, ಹನ್ನೆರಡು ಗಂಟೆ ಎಂದು ಕದಲದೆ ಕೂತಿತ್ತು. ಅವರು ನನ್ನ ಕಡೆ ತಿರುಗಿ, ಕಾನ್ವೆಂಟಿನ ಫೀಜು ವಸೂಲಾತು ನೋಡು ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಆಮೇಲೂ ಸಿಕ್ಕಿಲ್ಲ.

ಅಮಾವಾಸ್ಯೆಯ ದಿನ ಟೈಪಿಂಗ್ ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಷೀನುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ನಾನೂ ಅತ್ತೆಯವರೂ ನಡುಬಾಗಿಲಲ್ಲಿ. ಶರಣಮ್ಮಕ್ಕ ಕುರ್ಚಿಯನ್ನು ಗೌಡರಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತರು. ನೀವೇ ಒತ್ತಿರಿ, ನಾನು ಮುಟ್ಟುವುದಿಲ್ಲ ಎಂದರು.

ಗೌಡರು ಒತ್ತಿದರು. ತೂಬು ಒಂದೊಂದಾಗಿ ಬಂದಂತೆ ಆಯಾ ತೂಬಿನವರು ಬಸ್ಸಿನಲ್ಲಿ ಊರು ಬಂದಾಗ ಏಳುವಂತೆ ಎದ್ದು, ತಮ್ಮ ದಿನ ಗಂಟೆ ಬರೆದುಕೊಂಡು ಕೂತರು. ಕೊನೆಗೆ ಮೂವತ್ತೊಂದು. ಅಮರೇಶ ಎದ್ದ. ನಾಲ್ಕನೆಯ ದಿನ ಹಗಲು ಹನ್ನೆರಡರಿಂದ ಆರು. ಒಂಬತ್ತನೆಯ ದಿನ ಮತ್ತೊಮ್ಮೆ. ಈ ಸಲ ಯಾರೂ ಎಣಿಸಬೇಕಾಗಲಿಲ್ಲ.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಶರಣಮ್ಮಕ್ಕ ಮೆಲ್ಲಗೆ, “ಗೌಡ್ರ, ಈಗ ಸಾಲು ಬಿಡಲಾರದ ಎಡಕ ಬರ್ರಿ,” ಎಂದರು.

ಗೌಡರು ಎಡಬಾಣ ಒತ್ತುತ್ತ ಬಂದರು. ನಾಲ್ಕನೆಯ ದಿನ ಹನ್ನೆರಡು ಗಂಟೆಯ ಸಾಲು. ಮೂವತ್ತು ಖಾಲಿ, ಇಪ್ಪತ್ತೊಂಬತ್ತು ಖಾಲಿ. ಇಪ್ಪತ್ತು ಖಾಲಿ. ಒತ್ತುವ ಬೆರಳು ನಿಧಾನವಾಯಿತು. ಹತ್ತು, ಒಂಬತ್ತು, ಎಂಟು. ಏಳರ ಮನೆಯೂ ಖಾಲಿ. ಕೊನೆಯ ತೂಬಿಗೆ ನೀರು ಮುಟ್ಟಬೇಕಾದರೆ ಮೇಲಿನವೆಲ್ಲ ಮುಚ್ಚಿರಬೇಕೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಂದೇ ಸಾಲಿನ ಮೇಲೆ ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದು ತಮ್ಮ ಮನೆಯ ಮುಂದೆ ನಿಂತವರು ಯಾರೂ ಇರಲಿಲ್ಲ. ಮೂರು ತಖ್ತೆಯಾಗಿದ್ದರೆ ಏಳು ಒಂದು ಕಾಗದದಲ್ಲಿ, ಮೂವತ್ತೊಂದು ಇನ್ನೊಂದರಲ್ಲಿ ಇರುತ್ತಿದ್ದವು.

“ನಂದು ಖಾಲಿ ಐತಲ್ರೀ,” ಎಂದರು ಗೌಡರು.

“ಹೌದ್ರಿ. ಆ ಆರು ತಾಸು.”

ಜಮಖಾನದ ಮೇಲಿದ್ದವರೆಲ್ಲ ಗೌಡರ ಬೆನ್ನನ್ನೇ ನೋಡುತ್ತಿದ್ದರು. ಅವರು ಕನ್ನಡಕ ತೆಗೆದು ಪಂಜೆಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ಪರದೆ ಬದಲಾಗಿರಲಿಲ್ಲ. ಕೊನೆಗೆ ಅವರು ಕೈ ಚಾಚಿ ಪಕ್ಕದವನಿಂದ ಒಂದು ಚೀಟಿ ಇಸಕೊಂಡು, ಏಳನೆಯ ತೂಬು ಮುಚ್ಚುವ ದಿನ, ಗಂಟೆ ತಾವೇ ಬರೆದುಕೊಂಡು ಜೇಬಿಗಿಟ್ಟರು. ಉಳಿದವರೂ ಬರಕೊಳ್ರಿ ಎಂದಷ್ಟೇ ಹೇಳಿದರು.

ಪಾಳಿಯ ನಾಲ್ಕನೆಯ ದಿನ ಶರಣಮ್ಮಕ್ಕ ನನ್ನನ್ನೂ ಮಸ್ಕಿ ಬಸ್ಸು ಹತ್ತಿಸಿದರು. ನಾವು ತೂಬು ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಕಾಲುವೆಯ ತಳದಲ್ಲಿ ಕೆಸರು ಒಣಗಿ ಹಪ್ಪಳದಂತೆ ಎದ್ದಿತ್ತು. ಅಮರೇಶನೂ ಊರವರೂ ಸಲಿಕೆ ಊರಿಕೊಂಡು ಮೇಲ್ಗಡೆ ನೋಡುತ್ತಿದ್ದರು. ಹನ್ನೆರಡಾಯಿತು. ಆಮೇಲೆ ದೂರದ ತಿರುವಿನಲ್ಲಿ ಕಸಕಡ್ಡಿ, ಒಣ ಎಲೆ, ಯಾರದೋ ಒಂದು ರಬ್ಬರ್ ಚಪ್ಪಲಿ ಮುಂದೆ ಮಾಡಿಕೊಂಡು ಕೆಂಪು ನೀರು ಬಂತು. ಅಮರೇಶ ಕೆಳಗಿಳಿದು ತೂಬಿನ ಬಾಯಿಯ ಕಲ್ಲು ಎತ್ತಿದ. ಅಕ್ಕ ಚಪ್ಪಲಿ ಬಿಚ್ಚಿ, ಸೀರೆಯನ್ನು ಗೇಣು ಎತ್ತಿ ಹಿಡಿದು ನೀರಿನಲ್ಲಿ ನಿಂತು, ಕೈಗಡಿಯಾರ ನೋಡಿಕೊಂಡು, ಹನ್ನೆರಡು ಮಿನಿಟು ತಡಾತು, ಗೌಡರಿಗೆ ಹೇಳಬೇಕು ಎಂದರು. ಅವರ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಆ ತಖ್ತೆ ಐದಾರು ವರ್ಷ ನಡೆಯಿತು. ಪ್ರತಿ ಹಿಂಗಾರಿಗೂ ಮೂವತ್ತೊಂದಕ್ಕೆ ಬರೋಬ್ಬರಿ ನೀರು ಮುಟ್ಟಿತು ಎಂದು ಹೇಳಲಾರೆ. ಮುಟ್ಟದ ವರ್ಷ ಯಾರ ಮನೆ ಖಾಲಿ ಇರಬೇಕಿತ್ತು ಎಂದು ತೋರಿಸಲು ಒಂದು ಪರದೆಯಂತೂ ಇತ್ತು. ಆಮೇಲೆ ಬಣ್ಣದ ಪರದೆಗಳು ಬಂದವು, ಕೈಯಲ್ಲಿ ಹಿಡಿದು ಎಳೆಯುವ ಮೌಸ್ ಬಂತು, ಟೈಪಿಂಗ್ ಕಲಿಯುವವರು ಕಡಿಮೆಯಾದರು. ಶರಣಮ್ಮಕ್ಕ ಶಾಲೆ ಮುಚ್ಚಿ ತಮ್ಮನ ಊರಿಗೆ ಹೋದರು. ಹೋಗುವ ದಿನ ಗೋಡೆಯಾಚೆ ಬರಿದೇ ಒಂದು ಸಲ ಗಂಟೆ ಬಾರಿಸಿದ ಸದ್ದು ಕೇಳಿಸಿತು. ಅತ್ತೆಯವರು ಅಭ್ಯಾಸಬಲದಿಂದ ಒಲೆಯ ಕಡೆ ನೋಡಿದರು.

ಅವರನ್ನು ಕೊನೆಯ ಸಲ ಕಂಡದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ಲಿಂಗಸುಗೂರಿಗೆ ಒಂದು ಮದುವೆಗೆ ಹೋದವಳು ಬರುವಾಗ ಮಸ್ಕಿಯಲ್ಲಿ ಇಳಿದು ಆ ಊರಿಗೆ ಹೋದೆ. ಅಕ್ಕನ ಕಣ್ಣಿನ ಒಳಗಿನ ಒತ್ತಡ ಏರಿ ಪಕ್ಕದ ನೋಟವೆಲ್ಲ ಹೋಗಿದೆ, ನೇರ ಎದುರಿಗಿನ ಒಂದಿಷ್ಟು ಮಾತ್ರ ಕಾಣುತ್ತದೆ ಎಂದು ಅಮರೇಶ ಬಾಗಿಲಲ್ಲೇ ಹೇಳಿದ. ಅವರು ಕಟ್ಟೆಯ ಮೇಲೆ ಕೂತಿದ್ದರು. ಬೆನ್ನು ಅಷ್ಟೇ ನೆಟ್ಟಗೆ, ವಿಭೂತಿಯ ಗೆರೆ ಮಾತ್ರ ಸ್ವಲ್ಪ ಓರೆ. ನನ್ನ ದನಿ ಕೇಳಿ ಮುಖ ಅರಳಿಸಿದರು. ರಟ್ಟು ಏನಾಯಿತೆಂದು ಕೇಳಿದೆ. ಈಗ ಅದರ ಕೆಲಸಿಲ್ಲ, ಕಣ್ಣಿನ್ಯಾಗ ಕೂತೈತಿ ಎಂದು ನಕ್ಕರು. ಹೊಲದ ಸುದ್ದಿ, ಗೌಡರ ಸುದ್ದಿ, ನನ್ನ ಮಗಳ ಸುದ್ದಿ ಎಲ್ಲ ಆಯಿತು. ಹೊರಡುವಾಗ ಅವರಿಗೆ ನನ್ನನ್ನು ನೋಡಬೇಕೆನಿಸಿತು. ಕಾಣಲಿ ಎಂದು ನಾನು ಅತ್ತಿತ್ತ ಸರಿದು ಅವರ ಕಣ್ಣಿಗೆ ನೇರವಾಗಿ ಬರಲು ನೋಡಿದೆ.

“ನೀ ಅಲ್ಲಾಡಬ್ಯಾಡ ತಂಗಿ,” ಎಂದರು. “ನಿಂದಿರು. ನಾ ಸರೀತೀನಿ.”

ಎಡಗೈ ಚಾಚಿ ನನ್ನ ಮುಂಗೈ ಹಿಡಿದು, ಹೆಬ್ಬೆರಳನ್ನು ಬಳೆಯ ಮೇಲೆ ಒತ್ತಿದರು. ಆಮೇಲೆ ತಲೆಯನ್ನು ಮೆಲ್ಲಗೆ ತಿರುಗಿಸುತ್ತ ನನ್ನ ಬೈತಲೆಯಿಂದ ಶುರುಮಾಡಿ, ಹಣೆ, ಕಿವಿ, ಹೆಗಲು, ಸೆರಗಿನ ಅಂಚು, ಒಂದೊಂದೇ ತುಂಡು ನೋಡುತ್ತ ಕೆಳಗಿಳಿದರು. ಕೊನೆಗೆ ಕಾಲುಂಗುರಕ್ಕೆ ಬಂದು ನಿಂತರು. ಅಷ್ಟು ಹೊತ್ತೂ ಹೆಬ್ಬೆರಳು ಬಳೆ ಬಿಟ್ಟು ಕದಲಲಿಲ್ಲ.

“ಹ್ಞೂಂ, ಪೂರಾ ಅದಿ,” ಎಂದರು.

ಮುಂದಿನ ಹಿಂಗಾರಿಗೆ ಅವರು ಇರಲಿಲ್ಲ. ಮಣ್ಣು ಕೊಟ್ಟದ್ದು ಅಮರೇಶನ ಹೊಲದ ಬದುವಿನಲ್ಲಿ, ಮೂವತ್ತೊಂದನೆಯ ತೂಬಿಗೆ ನಾಲ್ಕು ಮಾರು ಈಚೆ. ನಾನು ಹೋದ ದಿನ ಪಾಳಿ ಯಾರದೋ ಗೊತ್ತಿರಲಿಲ್ಲ. ತೂಬಿನ ಬಾಯಲ್ಲಿ ನೀರು ಹರಿಯುತ್ತಿತ್ತು.